ಗರ್ಭಪಾತ ನಮ್ಮಲ್ಲಿ ಹೆಣ್ಣಿನ ಹಕ್ಕೇ, ವೈದ್ಯರು ಕೊಡುವ ಅನುಮತಿಯೇ?

ಪ್ರಶ್ನೆ: ಪೆರ್ಲದ ಟೀಚರ್

ನಮ್ಮೂರಿನ ವಾಚನಾಲಯದಲ್ಲಿ ಮಹಿಳೆಯರ ಓದುಕೂಟವೊಂದಿದೆ. ಅಮೆರಿಕದ ಸುಪ್ರೀಂ ಕೋರ್ಟು 2022ರ ಜೂನ್ 24ರಂದು ಗರ್ಭಪಾತದ ಹಕ್ಕನ್ನು ಮಾನ್ಯಮಾಡಿದ್ದ ರೋ ತೀರ್ಪನ್ನು ರದ್ದುಪಡಿಸಿದ ಸಂಗತಿ ಈಚೆಗೆ ಅಲ್ಲಿ ಚರ್ಚೆಗೆ ಬಂತು. 1973ರಿಂದ ಇದ್ದ ಸಾಂವಿಧಾನಿಕ ಹಕ್ಕು ಅಲ್ಲಿನ ಹೆಂಗಸರ ಕೈತಪ್ಪಿತು, ನಮ್ಮಲ್ಲಿ 1971ರಿಂದಲೇ ವೈದ್ಯಕೀಯ ಗರ್ಭಪಾತ ಕಾಯ್ದೆ ಇದೆ, ಈ ವಿಷಯದಲ್ಲಿ ಭಾರತವೇ ಮುಂದೆ ಎಂದು ಹೆಚ್ಚಿನವರು ಹೇಳಿದರು. ನನಗೆ ಅದನ್ನು ಒಪ್ಪಲು ಮನಸ್ಸಾಗಲಿಲ್ಲ.

ನನ್ನ ಹತ್ತಿರದ ಸಂಬಂಧಿಕಳೊಬ್ಬಳಿಗೆ ಇಬ್ಬರು ಸಣ್ಣ ಮಕ್ಕಳಿದ್ದಾರೆ, ಗಂಡ ದುಬೈಯಲ್ಲಿದ್ದಾನೆ. ಅವನು ರಜೆ ಮುಗಿಸಿ ಹೋದ ಮೇಲೆ ಬಸಿರು ನಿಂತದ್ದು ಗೊತ್ತಾಯಿತು. ಈಗ ಬೇಡವೆಂದು ಇಬ್ಬರೂ ಫೋನಿನಲ್ಲೇ ಮಾತಾಡಿ ನಿರ್ಧರಿಸಿದರು. ಆದರೆ ಒಂದು ಖಾಸಗಿ ಆಸ್ಪತ್ರೆಯವರು ಗಂಡನ ಸಹಿ ಇಲ್ಲದೆ ಆಗುವುದಿಲ್ಲವೆಂದರು, ಇನ್ನೊಂದು ಆಸ್ಪತ್ರೆಯವರು ಅತ್ತೆಯನ್ನಾದರೂ ಕರೆದುಕೊಂಡು ಬನ್ನಿ ಎಂದರು. ಹೀಗೆ ಅಲೆದಾಡುವಷ್ಟರಲ್ಲಿ, ಮಾತ್ರೆಯಲ್ಲಿ ಮುಗಿಯಬಹುದಾಗಿದ್ದ ಕೆಲಸ ಆಸ್ಪತ್ರೆಯಲ್ಲಿ ಮಲಗಿ ಮಾಡಿಸಿಕೊಳ್ಳಬೇಕಾದ ಹಂತಕ್ಕೆ ಹೋಯಿತು. ಗಂಡನ ಸಹಿ ಬೇಕೆಂದು ಕಾಯ್ದೆ ನಿಜವಾಗಿಯೂ ಹೇಳುತ್ತದೆಯೇ? ಹೇಳದಿದ್ದರೆ ಆಸ್ಪತ್ರೆಗಳು ಯಾಕೆ ಕೇಳುತ್ತವೆ?

ಇನ್ನೊಂದು ಪ್ರಶ್ನೆಯನ್ನು ಎಣ್ಮಕಜೆ ಪಂಚಾಯತಿನವಳಾಗಿ ಕೇಳದಿರಲಾರೆ. 24 ವಾರ ದಾಟಿದ ಮೇಲೂ ಭ್ರೂಣಕ್ಕೆ ಗಂಭೀರ ನ್ಯೂನತೆಯಿದ್ದರೆ ಗರ್ಭಪಾತಕ್ಕೆ ಅವಕಾಶವಿದೆಯಂತೆ. ಎಂಡೋಸಲ್ಫಾನ್ ಕೀಟನಾಶಕದ ಮಳೆ ಸುರಿದ ನಮ್ಮ ಗುಡ್ಡಗಳಲ್ಲಿ ಆ ಮಾತಿಗೆ ಬೇರೆಯೇ ಭಾರವಿದೆ. ಬಲ್ಲವರು ದಯವಿಟ್ಟು ವಿವರಿಸಬೇಕು.

ಉತ್ತರ: ಕಾಸರಗೋಡಿನ ವಕೀಲ

ಟೀಚರೇ, ನಿಮ್ಮ ಮೊದಲ ಪ್ರಶ್ನೆಗೆ ನೇರವಾದ ಉತ್ತರವಿದೆ. ಹದಿನೆಂಟು ವರ್ಷ ತುಂಬಿದ, ಮಾನಸಿಕವಾಗಿ ಸ್ವಸ್ಥಳಾದ ಹೆಂಗಸಿಗೆ ಅವಳೊಬ್ಬಳ ಒಪ್ಪಿಗೆ ಸಾಕೆಂದು 1971ರ ಕಾಯ್ದೆಯ ಮೂರನೆಯ ಕಲಮಿನಲ್ಲೇ ಇದೆ. ಗಂಡನದಾಗಲಿ ಅತ್ತೆಯದಾಗಲಿ ಸಹಿ ಬೇಕಾಗಿಲ್ಲ. ಅಪ್ರಾಪ್ತ ವಯಸ್ಸಿನವಳಿಗೂ ಮಾನಸಿಕ ಅಸ್ವಸ್ಥೆಗೂ ಮಾತ್ರ ಪೋಷಕರ ಲಿಖಿತ ಒಪ್ಪಿಗೆ ಬೇಕು. ಗಂಡನ ಅನುಮತಿಯನ್ನು ಕಾಯ್ದೆ ಕೇಳುವುದಿಲ್ಲವೆಂದು ನಮ್ಮ ಕೇರಳ ಹೈಕೋರ್ಟು 2022ರ ಸೆಪ್ಟೆಂಬರಿನಲ್ಲಿ ಸ್ಪಷ್ಟಪಡಿಸಿದೆ.

ಹಾಗಾದರೆ ಆಸ್ಪತ್ರೆಗಳು ಯಾಕೆ ಕೇಳುತ್ತವೆ ಎಂಬುದರಲ್ಲೇ ನಿಮ್ಮ ಶೀರ್ಷಿಕೆಯ ಪ್ರಶ್ನೆಗೂ ಉತ್ತರವಿದೆ. ನಮ್ಮ ದೇಶದಲ್ಲಿ ಗರ್ಭಪಾತವು ಮೂಲತಃ ಅಪರಾಧ. 1860ರ ದಂಡ ಸಂಹಿತೆಯ 312ನೆಯ ಕಲಮಿನಲ್ಲಿದ್ದ ಈ ಅಪರಾಧವು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 88ನೆಯ ಕಲಮಾಗಿ ಹಾಗೆಯೇ ಮುಂದುವರಿದಿದ್ದು, ಸ್ವತಃ ಗರ್ಭಪಾತ ಮಾಡಿಕೊಂಡ ಹೆಂಗಸೂ ಅದರ ವ್ಯಾಪ್ತಿಗೆ ಬರುತ್ತಾಳೆ. ಗರ್ಭಪಾತದ ಕಾನೂನನ್ನು ಪರಿಶೀಲಿಸಲು ಸರಕಾರ ನೇಮಿಸಿದ್ದ ಶಾಂತಿಲಾಲ್ ಷಾ ಸಮಿತಿಯ 1966ರ ವರದಿಯ ನಂತರ ಬಂದ 1971ರ ಕಾಯ್ದೆಯು ಆ ಅಪರಾಧವನ್ನು ತೆಗೆದುಹಾಕಲಿಲ್ಲ; ಇಂತಿಂತಹ ಸಂದರ್ಭಗಳಲ್ಲಿ, ಸದ್ಭಾವನೆಯಿಂದ ಅಭಿಪ್ರಾಯ ತಳೆದು ಗರ್ಭಪಾತ ಮಾಡಿದ ವೈದ್ಯರು ಅಪರಾಧಿಯಲ್ಲ ಎಂದಷ್ಟೇ ಹೇಳಿತು. ಅಂದರೆ ರಕ್ಷಣೆ ಮೊದಲು ಸಿಗುವುದು ವೈದ್ಯರಿಗೆ, ಹೆಣ್ಣಿಗೆ ಸಿಗುವುದು ಅವರ ಮೂಲಕ. ತಲೆಯ ಮೇಲೆ ಕ್ರಿಮಿನಲ್ ಕಾನೂನು ತೂಗುತ್ತಿರುವಾಗ ವೈದ್ಯರು ಕಾಯ್ದೆ ಕೇಳದ ಸಹಿಗಳನ್ನೂ ಕೇಳಿ ತಮ್ಮ ಕಡತವನ್ನು ಭದ್ರಮಾಡಿಕೊಳ್ಳುತ್ತಾರೆ. ಅದನ್ನು ಸಮರ್ಥಿಸಲು ನಾನು ಇದನ್ನು ಹೇಳುತ್ತಿಲ್ಲ. ಹೆಂಗಸಿನ ಕೋರಿಕೆಯನ್ನೇ ಆಧಾರವಾಗಿ ಒಪ್ಪುವವರೆಗೆ ಈ ಅಲೆದಾಟ ತಪ್ಪದೆಂಬುದು ನನ್ನ ದೃಢವಾದ ಅಭಿಪ್ರಾಯ.

ಗಡುವುಗಳನ್ನೂ ಹೇಳಿಬಿಡುತ್ತೇನೆ. 2021ರ ಸೆಪ್ಟೆಂಬರ್ 24ರಂದು ಜಾರಿಯಾದ ತಿದ್ದುಪಡಿಯ ಪ್ರಕಾರ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. 24ರವರೆಗೆ ಇಬ್ಬರ ಅಭಿಪ್ರಾಯ ಬೇಕು, ಅದೂ ಅತ್ಯಾಚಾರಕ್ಕೊಳಗಾದವರು, ಅಪ್ರಾಪ್ತರು, ಬಸುರಿಯಾಗಿರುವಾಗಲೇ ವಿಧವೆಯಾದವರು ಅಥವಾ ವಿಚ್ಛೇದನಕ್ಕೊಳಗಾದವರು ಮುಂತಾದ ಕೆಲವು ವರ್ಗಗಳಿಗೆ ಮಾತ್ರ. ಗರ್ಭನಿರೋಧಕ ವಿಫಲವಾದ ಕಾರಣವನ್ನು ಮೊದಲು ವಿವಾಹಿತೆಯರು ಮಾತ್ರ ಕೊಡಬಹುದಾಗಿತ್ತು. ಈಗ 20 ವಾರದವರೆಗೆ ಯಾವ ಹೆಂಗಸೂ ಕೊಡಬಹುದು. ಅವಿವಾಹಿತೆಯರಿಗೂ 24 ವಾರದ ಅವಕಾಶವುಂಟೆಂದು 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟು ತೀರ್ಪಿತ್ತಿತು. ಆ ಪೀಠದಲ್ಲಿ ಕೊಡಗಿನವರಾದ ನ್ಯಾಯಮೂರ್ತಿ ಬೋಪಣ್ಣನವರೂ ಇದ್ದರು. ಗಂಡನಿಂದಲೇ ಬಲಾತ್ಕಾರವಾಗಿದ್ದರೆ, ಈ ಕಾಯ್ದೆಯ ಮಟ್ಟಿಗಾದರೂ ಅದನ್ನು ಅತ್ಯಾಚಾರವೆಂದೇ ಪರಿಗಣಿಸಬೇಕೆಂದು ಅದೇ ತೀರ್ಪು ಹೇಳಿದೆ. ತಾಯಿಯ ಪ್ರಾಣ ಉಳಿಸಲು ತುರ್ತಾಗಿ ಮಾಡಬೇಕಾದಾಗ ಯಾವ ಗಡುವೂ ಇಲ್ಲ.

ಉತ್ತರ: ಪಡ್ರೆಯ ತಂದೆ

ವಕೀಲರು ಟೀಚರ ಎರಡನೆಯ ಪ್ರಶ್ನೆಯನ್ನು ಮುಟ್ಟಲಿಲ್ಲ. ನನ್ನ ಮಗಳ ಹೆಸರು ಎಂಡೋಸಲ್ಫಾನ್ ಸಂತ್ರಸ್ತರ ಪಟ್ಟಿಯಲ್ಲಿದೆ. ಅವಳಿಗೆ ಈಗ ಮೂವತ್ತು ಸಮೀಪಿಸಿದೆ, ಇಂದಿಗೂ ಅವಳಿಗೆ ಉಣಿಸಬೇಕು, ಮೀಯಿಸಬೇಕು. ಆದ್ದರಿಂದ ಈ ಕಾಯ್ದೆಯನ್ನು ನಾನು ಓದುವ ರೀತಿಯೇ ಬೇರೆ.

ಬೇಡದ ಬಸಿರನ್ನು ಹೊರಬೇಕೆಂದು ಯಾವ ಹೆಂಗಸಿಗೂ ಹೇಳುವ ಅಧಿಕಾರ ನನಗಿಲ್ಲ. ನನ್ನ ಆಕ್ಷೇಪ ಕಾಯ್ದೆಯ ಲೆಕ್ಕಾಚಾರದ ಮೇಲೆ. ಇಬ್ಬರು ಮಕ್ಕಳ ತಾಯಿಯೊಬ್ಬಳು, ಹೆರಿಗೆಯ ನಂತರ ಬಂದ ಮಾನಸಿಕ ಕಾಯಿಲೆಯಿಂದ ಬಳಲುತ್ತಿದ್ದವಳು, 26 ವಾರದ ಬಸಿರು ಬೇಡವೆಂದು ಸುಪ್ರೀಂ ಕೋರ್ಟಿಗೆ ಹೋದಾಗ, ಭ್ರೂಣದಲ್ಲಿ ನ್ಯೂನತೆಯಿಲ್ಲ, ತಾಯಿಯ ಜೀವಕ್ಕೆ ತಕ್ಷಣದ ಅಪಾಯವಿಲ್ಲ ಎಂಬ ಕಾರಣಕ್ಕೆ 2023ರ ಅಕ್ಟೋಬರ್ 16ರಂದು ಅನುಮತಿ ನಿರಾಕರಿಸಲಾಯಿತು. ಹೊಟ್ಟೆಯಲ್ಲಿದ್ದುದು ನನ್ನ ಮಗಳಂತಹ ಮಗುವಾಗಿದ್ದರೆ 24 ವಾರದ ನಂತರವೂ ನ್ಯೂನತೆಯನ್ನು ನೋಡಿ ಅನುಮತಿ ಕೊಡುವ ವೈದ್ಯಕೀಯ ಮಂಡಳಿಯ ಬಾಗಿಲು ತೆರೆದಿರುತ್ತಿತ್ತು. ತಾಯಿಯ ಸಂಕಟಕ್ಕೆ ವಾರಗಳನ್ನು ಎಣಿಸುವ ಕಾನೂನು ಅಂಗವಿಕಲ ಮಗುವಿನ ಮಾತು ಬಂದಾಗ ಮಾತ್ರ ಎಣಿಕೆ ನಿಲ್ಲಿಸುತ್ತದೆ. ಇದು ನನ್ನಂತಹ ಮನೆಗಳಿಗೆ ಏನು ಹೇಳಿದಂತಾಯಿತು?

ಇಲ್ಲಿ ಗೇರು ತೋಟಗಳ ಮೇಲೆ ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ವಿಷ ಸಿಂಪಡಿಸಿದರು. ಸುಪ್ರೀಂ ಕೋರ್ಟು ಅದನ್ನು ದೇಶದಲ್ಲಿ ತಡೆದದ್ದು 2011ರಲ್ಲಿ. ಸಂತ್ರಸ್ತರಿಗೆ ಐದು ಲಕ್ಷ ರೂಪಾಯಿಯಂತೆ ಮೂರು ತಿಂಗಳೊಳಗೆ ಕೊಡಿ ಎಂದದ್ದು 2017ರಲ್ಲಿ. ಆ ಹಣಕ್ಕಾಗಿ ತಾಯಂದಿರು ಮತ್ತೆ ಬೀದಿಯಲ್ಲಿ ಕುಳಿತುಕೊಳ್ಳಬೇಕಾಯಿತು. ಇಂತಹ ಮಗುವನ್ನು ಸಾಕುವ ದಾರಿಯನ್ನು ಸರಕಾರ ಇಷ್ಟು ದುರ್ಗಮವಾಗಿಟ್ಟು, ಹೆರದಿರುವ ದಾರಿಯನ್ನು ಮಾತ್ರ ವಾರಗಳ ಮಿತಿಯಿಲ್ಲದೆ ತೆರೆದಿಟ್ಟರೆ, ಅಲ್ಲಿ ತಾಯಿ ಆಯ್ದುಕೊಂಡಳು ಎಂದು ಹೇಗೆ ಹೇಳುವುದು?

ಉತ್ತರ: ಉಪ್ಪಳದ ನರ್ಸ್

ಅಣ್ಣ, ನಿಮ್ಮ ಮಾತನ್ನು ಎರಡು ಸಲ ಓದಿದೆ. ಹೆರಿಗೆ ವಾರ್ಡಿನಲ್ಲಿ ಬಹುಕಾಲ ಕೆಲಸ ಮಾಡಿದ ನನಗೆ ಕಂಡ ಇನ್ನೊಂದು ಬದಿಯನ್ನೂ ನೀವು ಕೇಳಬೇಕು. ಮಗುವಿನ ಅಂಗಾಂಗಗಳನ್ನು ಪರೀಕ್ಷಿಸುವ ಅನಾಮಲಿ ಸ್ಕ್ಯಾನ್ ನಡೆಯುವುದೇ ಸಾಮಾನ್ಯವಾಗಿ 18ರಿಂದ 20ನೆಯ ವಾರದ ಹೊತ್ತಿಗೆ. ಅದರಲ್ಲಿ ಸಂಶಯ ಕಂಡರೆ ನಮ್ಮ ಕಡೆಯವರು ಮಂಗಳೂರಿಗೆ ಹೋಗಿ ಇನ್ನೊಮ್ಮೆ ಸ್ಕ್ಯಾನ್ ಮಾಡಿಸಬೇಕು; ಗರ್ಭಜಲದ ಪರೀಕ್ಷೆ ಮಾಡಿಸಿದರೆ ವರದಿಗಾಗಿ ಮತ್ತೆ ಕಾಯಬೇಕು. ಅಷ್ಟರಲ್ಲಿ 24 ದಾಟಿರುತ್ತದೆ. ಹುಟ್ಟಿದ ಮೇಲೆ ಗಂಟೆಗಳಷ್ಟೂ ಬದುಕಲಾರದ, ತಲೆಬುರುಡೆಯೇ ಬೆಳೆಯದ ಶಿಶುವನ್ನು ಒಂಬತ್ತು ತಿಂಗಳು ಹೊರಬೇಕಾದ ತಾಯಿಗೆ ಆ ಬಾಗಿಲು ತೆರೆದಿರಲೇಬೇಕು. ಅದನ್ನು ಮುಚ್ಚಿದರೆ ನಿಮ್ಮ ಮಗಳಿಗೆ ನ್ಯಾಯ ಸಿಕ್ಕಂತಾಗುವುದಿಲ್ಲ. ಆದರೆ ಮಂಡಳಿಯ ಮುಂದೆ ಕೂರುವ ತಾಯಿಗೆ, ಇಂತಹ ಮಗುವನ್ನು ಸಾಕಿದರೆ ಪಿಂಚಣಿ, ಚಿಕಿತ್ಸೆ, ಶಾಲೆ ಏನೇನು ಸಿಗುತ್ತದೆ ಎಂಬುದನ್ನೂ ಯಾರಾದರೂ ಕುಳಿತು ಹೇಳಬೇಕು; ಅದನ್ನು ಹೇಳುವವರನ್ನು ನಾನು ಕಂಡಿಲ್ಲ. ಆ ಮಟ್ಟಿಗೆ ನಿಮ್ಮ ಮಾತಿಗೆ ನನ್ನ ಪೂರ್ಣ ಒಪ್ಪಿಗೆಯಿದೆ.

ವೈದ್ಯರ ಭಯದ ಬಗ್ಗೆ ವಕೀಲರು ಹೇಳಿದ್ದಕ್ಕೆ ಬೆಳಗಾವಿಯ ಸವಿತಾ ಹಾಲಪ್ಪನವರ ಅವರ ಸಾವೇ ಸಾಕ್ಷಿ. 17 ವಾರದ ಬಸುರಿಗೆ ಗರ್ಭಸ್ರಾವ ಆರಂಭವಾಗಿತ್ತು, ಕೂಸು ಉಳಿಯುವಂತಿರಲಿಲ್ಲ. ಆದರೂ ಭ್ರೂಣದ ಹೃದಯ ಬಡಿಯುತ್ತಿದೆಯೆಂದು ಗರ್ಭಪಾತವನ್ನು ಸಂವಿಧಾನದಲ್ಲೇ ನಿಷೇಧಿಸಿದ್ದ ಐರ್ಲೆಂಡಿನ ವೈದ್ಯರು ಕಾದರು, ನಂಜೇರಿ 2012ರ ಅಕ್ಟೋಬರ್ 28ರಂದು ಅವರು ತೀರಿಕೊಂಡರು. ಆ ದೇಶದ ಜನ 2018ರ ಮೇ 25ರಂದು ಶೇಕಡಾ 66ಕ್ಕೂ ಹೆಚ್ಚು ಮತಗಳಿಂದ ಸಂವಿಧಾನವನ್ನೇ ತಿದ್ದಿ ಆ ನಿಷೇಧವನ್ನು ತೆಗೆಯಲು ಒಪ್ಪಿದರು.

ವಕೀಲರಲ್ಲಿ ನನ್ನದೊಂದು ಪ್ರಶ್ನೆ: 2020ರ ಲಾಕ್‌ಡೌನಿನಲ್ಲಿ ಕರ್ನಾಟಕಕ್ಕೆ ದಾಟುವ ತಲಪಾಡಿ ಗಡಿ ಮುಚ್ಚಿ ರೋಗಿಗಳು ಸಿಕ್ಕಿಹಾಕಿಕೊಂಡದ್ದನ್ನು ನಾವು ಮರೆತಿಲ್ಲ. ಈ ಕಾಯ್ದೆಗೆ ಗಡಿಯುಂಟೇ?

ಉತ್ತರ: ಕಾಸರಗೋಡಿನ ವಕೀಲ

ಇದು ಕೇಂದ್ರದ ಕಾಯ್ದೆ. ಹೆಂಗಸು ಯಾವ ರಾಜ್ಯದವಳೆಂಬ ಷರತ್ತು ಅದರಲ್ಲಿಲ್ಲ. ಸರಕಾರಿ ಆಸ್ಪತ್ರೆಯಲ್ಲಾಗಲಿ, ಮಾನ್ಯತೆ ಪಡೆದ ಖಾಸಗಿ ಆಸ್ಪತ್ರೆಯಲ್ಲಾಗಲಿ, ಗಡಿಯ ಯಾವ ಬದಿಯಲ್ಲಾದರೂ ಮಾಡಿಸಿಕೊಳ್ಳಬಹುದು. ವೈದ್ಯಕೀಯ ಮಂಡಳಿಗಳನ್ನು ಮಾತ್ರ ಆಯಾ ರಾಜ್ಯ ಸರಕಾರಗಳು ರಚಿಸುತ್ತವೆ. ಅರ್ಜಿ ಬಂದ ಮೂರು ದಿನಗಳೊಳಗೆ ಮಂಡಳಿ ತೀರ್ಮಾನ ತಿಳಿಸಬೇಕು, ಒಪ್ಪಿದರೆ ಅರ್ಜಿ ಬಂದ ಐದು ದಿನಗಳೊಳಗೆ ಗರ್ಭಪಾತ ಆಗುವಂತೆ ನೋಡಿಕೊಳ್ಳಬೇಕು ಎಂದು ನಿಯಮವಿದೆ. ಮಂಡಳಿ ನಿರಾಕರಿಸಿದರೆ ನಮ್ಮವರಿಗೆ ಉಳಿಯುವುದು 300 ಕಿಲೋಮೀಟರಿಗೂ ಆಚೆ, ಎರ್ನಾಕುಳದಲ್ಲಿರುವ ಹೈಕೋರ್ಟು. ವಾರಗಳ ಲೆಕ್ಕ ನಡೆಯುತ್ತಿರುವ ಬಸುರಿಗೆ ಈ ದೂರವೇ ಒಂದು ಶಿಕ್ಷೆ.

ಪಡ್ರೆಯವರೇ, ನಿಮ್ಮ ಪ್ರಶ್ನೆಗೆ ನನ್ನಲ್ಲಿ ಪೂರ್ಣ ಉತ್ತರವಿಲ್ಲ. ಆದರೆ ಗಂಡನ ಸಹಿ ಕೇಳುವುದಕ್ಕೂ, ನ್ಯೂನತೆಯಿದ್ದರೆ ಮಾತ್ರ ಗಡುವು ಸಡಿಲಿಸುವುದಕ್ಕೂ ಬೇರು ಒಂದೇ ಎಂದು ನನಗೆ ತೋರುತ್ತದೆ: ಎರಡರಲ್ಲೂ ಕಾರಣವನ್ನು ತೂಗಿ ನೋಡುವವರು ಬೇರೆ ಯಾರೋ. ತೀರ್ಮಾನ ತಾಯಿಯದೇ ಆಗಿದ್ದರೆ, ಯಾವ ಮಗು ಬದುಕಲು ಯೋಗ್ಯವೆಂಬ ಪಟ್ಟಿಯನ್ನು ಕಾನೂನು ಬರೆಯಬೇಕಾಗಿಯೇ ಇರುತ್ತಿರಲಿಲ್ಲ.

ಟೀಚರೇ, ಸಂಬಂಧಿಕಳಿಗೆ ಒಪ್ಪಿಗೆಯಿದ್ದರೆ ಜಿಲ್ಲಾ ವೈದ್ಯಾಧಿಕಾರಿಗೆ ದೂರು ಕೊಡಿಸಿ; ಖಾಸಗಿ ಆಸ್ಪತ್ರೆಗಳಿಗೆ ಮಾನ್ಯತೆ ಸಿಗುವುದು ಜಿಲ್ಲಾ ಸಮಿತಿಯ ಮೂಲಕ. ಅವಳ ಹೆಸರು ಹೊರಗೆ ಬರುವುದೆಂಬ ಅಂಜಿಕೆ ಬೇಡ, ವೈದ್ಯರು ಅದನ್ನು ಕಾನೂನು ಅನುಮತಿಸದವರಿಗೆ ತಿಳಿಸಿದರೆ ಒಂದು ವರ್ಷದವರೆಗೆ ಸೆರೆವಾಸವಿದೆ. ದೂರನ್ನು ಕನ್ನಡದಲ್ಲೇ ಬರೆಯಿರಿ. ಭಾಷಾ ಅಲ್ಪಸಂಖ್ಯಾತರಾದ ನಮಗೆ ಆ ಅವಕಾಶ ಇದೆ.