ಅಪ್‌ಡೇಟ್: ಅಟ್ಟದಲ್ಲಿ ಸಿಕ್ಕ ಕಿನ್ನಾಳ ಗೌರಿ, ಗಾಜಿಗೆ ಅಂಟಿದ ಫೋಟೊ

ಕೊಪ್ಪಳದ ಹಳೆ ಮನೆಯ ಅಟ್ಟ ಖಾಲಿ ಮಾಡುವಾಗ ಸಿಕ್ಕ ಕಿನ್ನಾಳ ಗೌರಿ ಗೊಂಬೆಯನ್ನೂ (ಕಿನ್ನಾಳ ಎಂದರೆ ಕೊಪ್ಪಳದ ಹತ್ತಿರದ, ಕಟ್ಟಿಗೆ ಗೊಂಬೆಗೆ ಹೆಸರಾದ ಊರು) ಗಾಜಿಗೆ ಅಂಟಿಕೊಂಡ ಮುತ್ತಜ್ಜನ ಫೋಟೊವನ್ನೂ ಹೇಗೆ ಸ್ವಚ್ಛ ಮಾಡಬೇಕೆಂದು ಕೇಳಿದ್ದೆ. ಎರಡೂ ಉಳಿದವು. ಉತ್ತರಿಸಿದವರಿಗೆಲ್ಲ ಶರಣು.

ಗೊಂಬೆಗೆ ನೀರು ತಾಗಿಸಬೇಡಿ ಎಂದವರ ಮಾತೇ ಸರಿ. ಕಟ್ಟಿಗೆಯ ಮೇಲೆ ಹುಣಸೆ ಬೀಜದ ಅಂಟು ಬೆರೆಸಿದ ಕಿಟ್ಟ ಎಂಬ ಮುದ್ದೆ ಮೆತ್ತಿ, ಅದರ ಮೇಲೆ ಬಣ್ಣ ಹಚ್ಚಿರುತ್ತಾರೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಅಂಟು ನೆನೆದು ಬಣ್ಣ ಹಕ್ಕಳೆ ಏಳುತ್ತದೆ. ಒಣಗಿದ ಮೆತ್ತನೆ ಬ್ರಷ್‌ನಿಂದ ಮೇಲಿನಿಂದ ಕೆಳಗೆ ಧೂಳು ಇಳಿಸಿದ್ದೇ ಸಾಕಾಯಿತು. ಬಣ್ಣ ಎದ್ದ ಕಡೆ ಬ್ರಷ್ ಮುಟ್ಟಿಸಿಲ್ಲ, ಅದನ್ನು ಕಿನ್ನಾಳದಲ್ಲಿ ಈ ಗೊಂಬೆ ಮಾಡುವ ಚಿತ್ರಗಾರರೇ ಕೂರಿಸಬೇಕು. ಪೀಠದಲ್ಲಿ ಸಣ್ಣ ತೂತುಗಳಿದ್ದವು. ಹುಳ ಇನ್ನೂ ಇದೆಯೇ ಎಂದು ತಿಳಿಯಲು ಕೆಳಗೆ ಕಪ್ಪು ಕಾಗದ ಹಾಸಿಡಿ; ಹಿಟ್ಟಿನಂಥ ಪುಡಿ ಹೊಸದಾಗಿ ಬಿದ್ದರೆ ಇದೆ ಎಂದರ್ಥ. ಇಲ್ಲಿ ಬೀಳಲಿಲ್ಲ. ಆದರೂ ಮಳೆಗಾಲ ಮುಗಿಯುವವರೆಗೆ ಬೇರೆ ಕಟ್ಟಿಗೆ ಸಾಮಾನಿನಿಂದ ದೂರವೇ ಇಡುವುದು.

ಫೋಟೊ ಕಿತ್ತಿಲ್ಲ. ಚಿತ್ರ ಹಿಡಿದಿರುವ ಜೆಲಾಟಿನ್ ಪದರ ತೇವಕ್ಕೆ ಮೆತ್ತಗಾಗಿ ಗಾಜಿಗೆ ಹತ್ತಿರುತ್ತದೆ, ಎಳೆದರೆ ಮುಖವೇ ಗಾಜಿನ ಮೇಲೆ ಉಳಿಯುತ್ತದೆ. ಅದರ ಬದಲು ಗಾಜಿನ ಸಮೇತವೇ ಕ್ಯಾಮೆರಾದಲ್ಲಿ ಪ್ರತಿ ತೆಗೆಯುವುದು: ಗಾಜಿನ ಹೊರಮೈ ಒರೆಸಿ, ಎರಡೂ ಬದಿಯಿಂದ 45 ಡಿಗ್ರಿಯಲ್ಲಿ ದೀಪ ಬಿಟ್ಟು, ಕ್ಯಾಮೆರಾ ಹಿಂದೆ ಕರಿ ಕಂಬಳಿ ಇಳಿಬಿಟ್ಟು ಚಿತ್ರ ತೆಗೆದರೆ ಪ್ರತಿಬಿಂಬ ಬೀಳದು. ಫ್ಲ್ಯಾಶ್ ಮಾತ್ರ ಬೇಡ.