ಮನೆಮಂದಿಗೆಲ್ಲ ಒಬ್ಬರೇ ಹಲ್ಲಿನ ಡಾಕ್ಟ್ರು: ಹೋಗೋ ಮೊದಲು ಏನೇನು ತಿಳಿದಿರಬೇಕು?

ಕೇಳಿದವರು, ದಾವಣಗೆರೆ
ಈ ಊರಿಗೆ ಹೊಸಬರು. ಇಡೀ ಮನೆಗೆ ಒಬ್ಬರೇ ಹಲ್ಲಿನ ಡಾಕ್ಟರನ್ನು ಗೊತ್ತು ಮಾಡ್ಕೋಬೇಕು ಅಂತಿದ್ದೀವಿ. ಅತ್ತೆಗೆ ಶುಗರ್ ಇದೆ, ಹೃದಯಕ್ಕೆ ಸ್ಟೆಂಟ್ ಹಾಕಿದೆ, ರಕ್ತ ತೆಳು ಮಾಡೋ ಮಾತ್ರೆ ತಗೋತಾರೆ. ಒಂದು ದವಡೆ ಹಲ್ಲು ಅಲ್ಲಾಡ್ತಿದೆ. ಆರು ವರ್ಷದ ಮಗನ ಹಾಲುಹಲ್ಲು ಹುಳುಕಾಗಿದೆ, "ಹೆಂಗೂ ಬೀಳೋ ಹಲ್ಲು, ಬಿಡಿ" ಅಂತಾರೆ ಎಲ್ಲರೂ. ನನಗೆ ಬ್ರಷ್ ಮಾಡುವಾಗ ಒಸಡಲ್ಲಿ ರಕ್ತ ಬರುತ್ತೆ. ಕ್ಲೀನಿಂಗ್ ಮಾಡಿಸಿದ್ರೆ ಹಲ್ಲು ಸಡಿಲ ಆಗುತ್ತೆ ಅನ್ನೋದು ನಿಜಾನಾ? ಯಜಮಾನರು ಅಡಿಕೆ ಹಾಕ್ತಾರೆ. ತಿಳಿದವರು ದಯವಿಟ್ಟು ಹೇಳಿ.

ದಂತವೈದ್ಯೆ
ಅತ್ತೆಯವರದ್ದು ಮೊದಲು ಹೇಳ್ತೀನಿ, ಹೆಚ್ಚು ಎಡವಟ್ಟು ಆಗೋದು ಅಲ್ಲೇ. ಹಲ್ಲು ಕೀಳಿಸಬೇಕು ಅಂತ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಮಾತ್ರೆಗಳನ್ನು ನೀವಾಗೇ ನಿಲ್ಲಿಸಬೇಡಿ. ಸ್ಟೆಂಟ್ ಒಳಗೆ ರಕ್ತ ಹೆಪ್ಪುಗಟ್ಟಿದ್ರೆ ಜೀವಕ್ಕೇ ಅಪಾಯ. ಹಲ್ಲು ಕಿತ್ತ ಜಾಗದ ರಕ್ತವನ್ನಾದ್ರೆ ಹತ್ತಿ ಕಚ್ಚಿಸಿ, ಗುಳಿಯೊಳಗೆ ರಕ್ತ ಕಟ್ಟಿಸೋ ಸ್ಪಾಂಜ್ ಇಟ್ಟು, ಒಂದೆರಡು ಹೊಲಿಗೆ ಹಾಕಿ ನಿಲ್ಲಿಸಬಹುದು. ವಾರ್ಫರಿನ್ ಜಾತಿಯ ಮಾತ್ರೆ ಆಗಿದ್ರೆ ಮಾತ್ರ ಐಎನ್‌ಆರ್ (ರಕ್ತ ಹೆಪ್ಪುಗಟ್ಟೋಕೆ ಎಷ್ಟು ಹೊತ್ತು ಹಿಡಿಯುತ್ತೆ ಅಂತ ತೋರಿಸೋ ರಕ್ತಪರೀಕ್ಷೆ) ರಿಪೋರ್ಟ್ ಬೇಕು, ಅದೂ ಕೀಳೋಕೆ ಒಂದೆರಡು ದಿನ ಮುಂಚಿನದ್ದು. ಬದಲಾವಣೆ ಏನಾದ್ರೂ ಬೇಕಿದ್ರೆ ಹೃದಯದ ಡಾಕ್ಟರ ಹತ್ತಿರ ನಾವು ಮಾತಾಡ್ತೀವಿ.

ಬೆಳಗಿನ ಹೊತ್ತಿಗೇ ಅಪಾಯಿಂಟ್‌ಮೆಂಟ್ ತಗೊಳ್ಳಿ. ತಿಂಡಿ ತಿಂದು, ಶುಗರ್ ಮಾತ್ರೆ ಎಂದಿನಂತೆ ನುಂಗಿ ಬರಲಿ. "ಇಂಜೆಕ್ಷನ್ ಕೊಡ್ತಾರೆ" ಅಂತ ಖಾಲಿ ಹೊಟ್ಟೆಯಲ್ಲಿ ಬರೋರು ಬಹಳ. ಅಂಥವರಿಗೇ ಕುರ್ಚಿಯಲ್ಲಿ ಶುಗರ್ ಇಳಿದು ಬೆವರು, ತಲೆಸುತ್ತು. ಮೂರು ತಿಂಗಳ ಸರಾಸರಿ ತೋರಿಸೋ ಎಚ್‌ಬಿಎ1ಸಿ ರಿಪೋರ್ಟ್ ಜೊತೆಗಿರಲಿ. ಮೂಳೆ ಸವೆತಕ್ಕೆ ವಾರಕ್ಕೊಂದು ಮಾತ್ರೆ ಅಥವಾ ವರ್ಷಕ್ಕೊಂದು ಡ್ರಿಪ್ ತಗೊಂಡಿದ್ರೆ ಅದನ್ನು ತಪ್ಪದೆ ಹೇಳಿ. ಯಾರೂ ಇದನ್ನು ಹಲ್ಲಿಗೆ ಸಂಬಂಧಿಸಿದ್ದು ಅಂದ್ಕೊಳ್ಳಲ್ಲ. ಆದ್ರೆ ಆ ಔಷಧ ತಗೊಂಡವರಲ್ಲಿ ಕೆಲವರಿಗೆ ಹಲ್ಲು ಕಿತ್ತ ಜಾಗದ ದವಡೆ ಮೂಳೆ ಮಾಯದೆ ಉಳಿಯುತ್ತೆ.

ಇನ್ನೊಂದು ಮಾತು: ಅಲ್ಲಾಡೋ ಹಲ್ಲೆಲ್ಲ ಕೀಳೋ ಹಲ್ಲಲ್ಲ. ಶುಗರ್ ಹತೋಟಿ ತಪ್ಪಿದ್ರೆ ಒಸಡಿನ ರೋಗ ಹೆಚ್ಚುತ್ತೆ, ಒಸಡು ಕೆಟ್ಟಿದ್ರೆ ಶುಗರ್ ಹತೋಟಿಗೆ ಬರೋದು ಕಷ್ಟ. ಎಕ್ಸ್‌ರೇಯಲ್ಲಿ ಬೇರಿನ ಸುತ್ತ ಮೂಳೆ ಎಷ್ಟು ಉಳಿದಿದೆ ನೋಡಿಯೇ ತೀರ್ಮಾನ ಮಾಡಬೇಕು.

ಕ್ಲಿನಿಕ್ ಸಹಾಯಕಿ
ಮೇಡಂ ಹೇಳಿದ್ದಕ್ಕೆ, ಕಿತ್ತ ಮೇಲಿನದ್ದು ಸೇರಿಸ್ತೀನಿ. ಫೋನ್ ಬರೋದೆಲ್ಲ ಇದಕ್ಕೇ.

ಹತ್ತಿಯನ್ನು 30ರಿಂದ 45 ನಿಮಿಷ ಬಿಗಿಯಾಗಿ ಕಚ್ಚಿರಬೇಕು. ನಡುನಡುವೆ ತೆಗೆದು ನೋಡಿದ್ರೆ ಕಟ್ಟಿದ ರಕ್ತ ಹತ್ತಿಗೆ ಅಂಟ್ಕೊಂಡು ಬಂದುಬಿಡುತ್ತೆ, ಮತ್ತೆ ಶುರು. ಎಂಜಲು ಉಗುಳಬಾರದು, ನುಂಗಬೇಕು. ಅವತ್ತು ಬಾಯಿ ಮುಕ್ಕಳಿಸೋದು, ಸ್ಟ್ರಾ ಹಾಕಿ ಎಳನೀರು ಕುಡಿಯೋದು, ಬಿಸಿ ಕಾಫಿ, ಬೀಡಿ ಸಿಗರೇಟು ಯಾವುದೂ ಬೇಡ. ತಣ್ಣಗಿನ ಗಂಜಿ, ಮೊಸರನ್ನ ಸಾಕು. 24 ಗಂಟೆ ಕಳೆದ ಮೇಲೆ ಒಂದು ಲೋಟ ಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ, ಊಟ ಆದಾಗೆಲ್ಲ ಮೆಲ್ಲಗೆ ಬಾಯಾಡಿಸಿ.

ಎಂಜಲಲ್ಲಿ ಒಂದು ದಿನ ಕೆಂಪು ಕಾಣಿಸಿದ್ರೆ ಹೆದರಬೇಡಿ. ಬಾಯಿ ತುಂಬ ರಕ್ತ ಬಂದ್ರೆ ಸ್ವಚ್ಛ ಬಟ್ಟೆ ಮಡಿಸಿ ಮತ್ತೆ ಅರ್ಧ ಗಂಟೆ ಕಚ್ಚಿ, ಆಗಲೂ ನಿಲ್ಲದಿದ್ರೆ ತಕ್ಷಣ ಬನ್ನಿ. ಮೊದಲ ದಿನ ಚೆನ್ನಾಗಿದ್ದು ಎರಡರಿಂದ ನಾಲ್ಕನೇ ದಿನದೊಳಗೆ ಕಿವಿವರೆಗೂ ಎಳೆಯೋ ನೋವು, ಬಾಯಲ್ಲಿ ಕೆಟ್ಟ ವಾಸನೆ ಬಂದ್ರೆ ಗುಳಿಯ ಹೆಪ್ಪು ಕಿತ್ತುಹೋಗಿದೆ ಅಂತ ಲೆಕ್ಕ. ಗುಳಿ ತೊಳೆದು ಔಷಧ ತುಂಬಿದ್ರೆ ಬೇಗ ಶಮನ ಆಗುತ್ತೆ. ಬರೀ ನೋವಿನ ಮಾತ್ರೆ ನುಂಗ್ತಾ ಕೂರಬೇಡಿ.

ಮಕ್ಕಳ ದಂತವೈದ್ಯರು
"ಬೀಳೋ ಹಲ್ಲು ಬಿಡಿ" ಅನ್ನೋದು ಮುಂದಿನ ಹಲ್ಲಿಗೆ ಸ್ವಲ್ಪ ಮಟ್ಟಿಗೆ ಸರಿ, ಹಾಲಿನ ದವಡೆ ಹಲ್ಲಿಗೆ ಖಂಡಿತ ಅಲ್ಲ. ಅದು ಹತ್ತರಿಂದ ಹನ್ನೆರಡು ವರ್ಷದವರೆಗೂ ಬಾಯಲ್ಲಿರಬೇಕಾದ ಹಲ್ಲು. ಈಗಲೇ ಕೀಳಿಸಿದ್ರೆ ಹಿಂದಿನ ಹಲ್ಲು ಮುಂದಕ್ಕೆ ವಾಲಿ ಜಾಗ ನುಂಗುತ್ತೆ, ಆಮೇಲೆ ಹುಟ್ಟೋ ಹಲ್ಲು ಸೊಟ್ಟ. ಹುಳುಕು ಮೇಲ್ಮೈಯಲ್ಲಿದ್ರೆ ಫಿಲ್ಲಿಂಗ್ ಸಾಕು. ನರ ಮುಟ್ಟಿದ್ರೆ ಮಕ್ಕಳ ರೂಟ್ ಕೆನಾಲ್ ಮಾಡಿ ಸ್ಟೀಲ್ ಕ್ಯಾಪ್ ಹಾಕ್ತೀವಿ, ಹಲ್ಲು ಬೀಳುವಾಗ ಕ್ಯಾಪ್ ಸಮೇತ ಬೀಳುತ್ತೆ. ಕೀಳಲೇಬೇಕಾದ್ರೆ ಜಾಗ ಕಾಯೋ ತಂತಿಯ ಬಗ್ಗೆ ಕೇಳಿ.

ಇವತ್ತೇ ಮಗನ ಬಾಯಿ ತೆರೆಸಿ, ಟಾರ್ಚ್ ಹಾಕಿ ನೋಡಿ. ಮೇಲಿನ ಸಾಲಲ್ಲೂ ಕೆಳಗಿನ ಸಾಲಲ್ಲೂ ಒಂದೊಂದು ಬದಿಯಲ್ಲಿ ಹಾಲಿನ ದವಡೆ ಹಲ್ಲು ಎರಡೆರಡೇ. ಅವುಗಳ ಹಿಂದೆ ಮೂರನೆಯದು ಮೂಡಿದ್ರೆ ಅದು ಶಾಶ್ವತ ಹಲ್ಲು. ಯಾವ ಹಲ್ಲೂ ಬೀಳದೆ ಸದ್ದಿಲ್ಲದೆ ಬರೋದ್ರಿಂದ ತಂದೆತಾಯಿ ಇದನ್ನೂ ಹಾಲುಹಲ್ಲು ಅಂದ್ಕೊಂಡು ಕೆಡಿಸ್ತಾರೆ. ಅದರ ಗೆರೆಗಳು ಆಳವಾಗಿದ್ರೆ ಸೀಲೆಂಟ್ (ಆ ಗೆರೆಗಳನ್ನು ಮುಚ್ಚೋ ತೆಳು ಲೇಪ) ಹಾಕಿಸಿ. ನೋವಿಲ್ಲ, ಇಂಜೆಕ್ಷನ್ ಇಲ್ಲ.

ಪೇಸ್ಟು ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು, ಮೂರರಿಂದ ಆರರವರೆಗೆ ಬಟಾಣಿಯಷ್ಟು. ಫ್ಲೋರೈಡ್ 1000 ಪಿಪಿಎಂ ಇರೋದೇ ಬೇಕು. ಪಾವಗಡ, ಜಗಳೂರು ಕಡೆ ಬೋರ್‌ವೆಲ್ ನೀರಲ್ಲೇ ಫ್ಲೋರೈಡ್ ಹೆಚ್ಚು. ಅಲ್ಲಿನ ಮಕ್ಕಳ ಹಲ್ಲಿನ ಕಂದು ಕಲೆ ಹುಳುಕಲ್ಲ, ನೀರಿನದ್ದು. ಅದನ್ನು ತಿಕ್ಕಿ ತೆಗೆಯೋಕೆ ಇದ್ದಿಲು, ಇಟ್ಟಿಗೆಪುಡಿ ಹಾಕಬೇಡಿ. ಮತ್ತೆ, "ಗಲಾಟೆ ಮಾಡಿದ್ರೆ ಡಾಕ್ಟ್ರು ಸೂಜಿ ಚುಚ್ತಾರೆ" ಅಂತ ಮನೆಯಲ್ಲಿ ದಯವಿಟ್ಟು ಹೆದರಿಸಬೇಡಿ. ಆ ಭಯ ಬಿಡಿಸೋಕೇ ನಮಗೆ ಎರಡು ಸಿಟಿಂಗ್ ಬೇಕಾಗುತ್ತೆ.

ಒಸಡಿನ ತಜ್ಞರು
ಕ್ಲೀನಿಂಗ್ ಹಲ್ಲನ್ನು ಸಡಿಲ ಮಾಡಲ್ಲ. ಗಟ್ಟಿಯಾಗಿ ಕಟ್ಟಿದ ಪಾಚಿ ಒಸಡಿನ ಕೆಳಗಿಳಿದು ಮೂಳೆ ಕರಗಿಸುತ್ತೆ, ಹಲ್ಲು ಸಡಿಲ ಆಗೋದು ಆಗ. ಪಾಚಿಯೇ ಹಲ್ಲುಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುತ್ತೆ. ತೆಗೆದ ಮೇಲೆ ಮೊದಲೇ ಇದ್ದ ಸಡಿಲ, ಮೊದಲೇ ಇದ್ದ ಸಂದು ಗೊತ್ತಾಗುತ್ತೆ. ಬೈಗುಳ ಮಾತ್ರ ಮಷಿನ್ನಿಗೆ. ಕೆಲವು ದಿನ ತಣ್ಣೀರಿಗೆ ಜುಮ್ ಅನ್ನೋದು ಸಹಜ.

ರಕ್ತ ಬರುತ್ತೆ ಅಂತ ಆ ಜಾಗ ಬಿಟ್ಟು ಬ್ರಷ್ ಮಾಡಬೇಡಿ, ಇನ್ನೂ ಕೆಡುತ್ತೆ. ಮೆದು ಬ್ರಷ್, ಒಸಡಿನ ಅಂಚಿಗೆ ಓರೆಯಾಗಿ ಹಿಡಿದು ಎರಡು ನಿಮಿಷ, ದಿನಕ್ಕೆರಡು ಸಲ. ರಾತ್ರಿಯದ್ದನ್ನು ತಪ್ಪಿಸಲೇಬೇಡಿ. ಕ್ಲೀನಿಂಗ್ ಆಗಿ ಎರಡು ವಾರದ ಮೇಲೂ ರಕ್ತ ಬಂದ್ರೆ ಮತ್ತೆ ತೋರಿಸಿ.

ಬಾಯಿ ರೋಗಗಳ ವಿಭಾಗದಿಂದ
ಯಜಮಾನರನ್ನು ಬಿಟ್ಟು ಹೋಗಬೇಡಿ. ತಂಬಾಕಿಲ್ಲದ ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಪ್ರಕಟಿಸಿದೆ. ಚನ್ನಗಿರಿ ಕಡೆಯ ಅಡಿಕೆ ಸೀಮೆಯವರಿಗೆ ಇದು ಕಹಿ ಮಾತು, ಗೊತ್ತು, ಆದ್ರೂ ಹೇಳಲೇಬೇಕು. ಮನೆಯಲ್ಲೇ ನೋಡಿ: ಅವರದ್ದೇ ಮೂರು ಬೆರಳು ಒಂದರ ಮೇಲೊಂದು ನಿಲ್ಲಿಸಿ ಬಾಯೊಳಗೆ ಹೋಗುತ್ತಾ? ಸಾರಿನ ಖಾರಕ್ಕೆ ಬಾಯಿ ಉರಿಯುತ್ತಾ? ಕೆನ್ನೆಯ ಒಳಭಾಗ ಬಿಳಿಚಿ ಬಿಗಿಯಾಗಿದೆಯಾ? ಒಂದಕ್ಕೆ ಅನುಮಾನ ಬಂದ್ರೂ ತೋರಿಸಿ. ಎರಡು ವಾರ ಕಳೆದರೂ ಮಾಯದ ಹುಣ್ಣು, ಅದಕ್ಕೆ ನೋವಿರಲಿ ಬಿಡಲಿ, ತೋರಿಸಲೇಬೇಕು.

ಔಷಧ ಅಂಗಡಿಯಿಂದ
ಹಲ್ಲುನೋವಿಗೆ ಕೌಂಟರಲ್ಲಿ ನಿಂತು ಆ್ಯಂಟಿಬಯಾಟಿಕ್ ಕೇಳಬೇಡಿ. ನರದ ನೋವು ಅದರಿಂದ ಹೋಗಲ್ಲ. ಆಸ್ಪಿರಿನ್ ಮಾತ್ರೆ ಅರೆದು ಒಸಡಿಗೆ ಇಟ್ರೆ ಸುಟ್ಟು ಬೆಳ್ಳಗಾಗುತ್ತೆ. ಲವಂಗದೆಣ್ಣೆಯನ್ನೂ ಹತ್ತಿಯಲ್ಲಿ ಅದ್ದಿ ಹುಳುಕಿನ ತೂತಿಗಷ್ಟೇ ಇಡಬೇಕು.

ದಂತವೈದ್ಯೆ
ಮುಖ ಊದಿ, ಬಾಯಿ ತೆರೆಯೋಕೆ ಅಥವಾ ನುಂಗೋಕೆ ಆಗದೆ, ಜ್ವರ ಬಂದ್ರೆ ಕ್ಲಿನಿಕ್ ತೆರೆಯೋವರೆಗೆ ಕಾಯಬೇಡಿ, ರಾತ್ರಿಯಾದ್ರೂ ಆಸ್ಪತ್ರೆಗೆ ಹೋಗಿ.

ಕ್ಲಿನಿಕ್ ಆರಿಸೋದು ಹೇಗೆ ಅಂದ್ರೆ: ಗೋಡೆ ಮೇಲೆ ರಾಜ್ಯ ದಂತ ಪರಿಷತ್ತಿನ ನೋಂದಣಿ ಸಂಖ್ಯೆ ಇರಬೇಕು. ಉಪಕರಣಗಳನ್ನು ಮೊಹರಾದ ಪೌಚಿನಿಂದ ನಿಮ್ಮೆದುರೇ ಹರಿದು ತೆಗೀಬೇಕು. ಪೌಚಿನ ಅಂಚಲ್ಲಿ ಪುಟ್ಟ ಗುರುತಿರುತ್ತೆ, ಆಟೋಕ್ಲೇವ್ (ಹಬೆಯಲ್ಲಿ ಕ್ರಿಮಿ ಕೊಲ್ಲೋ ಯಂತ್ರ) ಬಿಸಿಗೆ ಅದರ ಬಣ್ಣ ಬದಲಾಗಿರಬೇಕು. ನೋಡಿ, ಕೇಳಿ, ಸಂಕೋಚ ಬೇಡ. ರೂಟ್ ಕೆನಾಲ್, ಎಕ್ಸ್‌ರೇ, ಕ್ಯಾಪ್ ಪ್ರತಿಯೊಂದರ ದರ ಬೇರೆ ಬೇರೆ ಬರೆಸಿಕೊಳ್ಳಿ. ಖರ್ಚು ಕಷ್ಟ ಆದ್ರೆ ನಿಮ್ಮೂರಲ್ಲೇ ಬಾಪೂಜಿ ದಂತ ಕಾಲೇಜು, ಕಾಲೇಜ್ ಆಫ್ ಡೆಂಟಲ್ ಸೈನ್ಸಸ್ ಎರಡೂ ಇವೆ. ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಅಧ್ಯಾಪಕರ ಕಣ್ಗಾವಲಲ್ಲಿ ಮಾಡ್ತಾರೆ, ಸಮಯ ಮಾತ್ರ ಹೆಚ್ಚು ಹಿಡಿಯುತ್ತೆ.

ಕೇಳಿದವರು
ಎಲ್ಲರಿಗೂ ಧನ್ಯವಾದ. ಮೇಡಂ, ಇನ್ನೊಂದು. ನಾದಿನಿ ಐದು ತಿಂಗಳ ಬಸುರಿ, ರಾತ್ರಿ ಹಲ್ಲುನೋವು. ಹೆರಿಗೆವರೆಗೂ ತಡ್ಕೋ ಅಂತಿದ್ದಾರೆ ಮನೇಲಿ.

ದಂತವೈದ್ಯೆ
ತಡ್ಕೊಳ್ಳೋದು ಬೇಡ. ನಾಲ್ಕರಿಂದ ಆರನೇ ತಿಂಗಳೇ ಚಿಕಿತ್ಸೆಗೆ ಅನುಕೂಲದ ಕಾಲ. ಫಿಲ್ಲಿಂಗ್, ರೂಟ್ ಕೆನಾಲ್ ಮಾಡಬಹುದು, ಮರಗಟ್ಟಿಸೋ ಇಂಜೆಕ್ಷನ್ ಕೊಡಬಹುದು, ಅಗತ್ಯ ಇದ್ರೆ ಸೀಸದ ಏಪ್ರನ್ ಹೊದಿಸಿ ಒಂದು ಚಿಕ್ಕ ಎಕ್ಸ್‌ರೇ ಕೂಡ. ನೋವಿಗೆ ಪ್ಯಾರಾಸಿಟಮಾಲ್ ಮಾತ್ರ, ಅದೂ ಹೆರಿಗೆ ಡಾಕ್ಟರನ್ನು ಕೇಳಿ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಬೇಡ. ತಾಯಿ ಕಾರ್ಡ್ ತರಲಿ, ಬರುವಾಗ ಏನಾದ್ರೂ ತಿಂದಿರಲಿ. ಹೊತ್ತು ಹೆಚ್ಚು ಹಿಡಿಯೋ ಕೆಲಸ ಆದ್ರೆ ಸ್ವಲ್ಪ ಎಡ ಮಗ್ಗುಲಿಗೆ ವಾಲಿಸಿ ಮಲಗಿಸ್ತೀವಿ, ತಲೆಸುತ್ತು ಬರಲ್ಲ.