ಸಹಾಯ ಬೇಕು: ಸಂಸ್ಕೃತದ ಪಚ್ (ಬೇಯಿಸು) ಧಾತುವಿಗೆ ‘ಪಚಾ’, ‘ಪಕ್ತಿ’ ಎರಡೂ ಸಾಧುವೇ?

ವಿದ್ಯಾರ್ಥಿಗಳಿಗಾಗಿ ಪಾಣಿನೀಯ ಧಾತುಪಾಠದಲ್ಲಿ ‘ಡುಪಚಷ್ ಪಾಕೇ’ ಎಂದಿರುವ ಈ ಧಾತುವಿನ ರೂಪಪಟ್ಟಿ ಮಾಡುತ್ತಿದ್ದೇನೆ. ಭ್ವಾದಿ (ಮೊದಲ ಗಣ), ಉಭಯಪದಿ (ಪರಸ್ಮೈಪದ, ಆತ್ಮನೇಪದ ಎರಡೂ ಉಂಟು), ಅನಿಟ್ (ಪ್ರತ್ಯಯದ ಮೊದಲು ಇಕಾರ ಸೇರದು); ಹಾಗಾಗಿ ಪಕ್ತಾ, ಪಕ್ಷ್ಯತಿ. ಲಿಟ್‌ನಲ್ಲಿ (ಪರೋಕ್ಷಭೂತ) ಪಪಾಚ, ಪೇಚತುಃ. ಹುಡುಗರು ಎಡವುವುದು ಲುಙ್‌ನಲ್ಲಿ (ಸಾಮಾನ್ಯಭೂತ): ಅಪಾಕ್ಷೀತ್ ನೋಡಿ ದ್ವಿವಚನಕ್ಕೂ ಷಕಾರ ತುರುಕುತ್ತಾರೆ. ‘ಝಲೋ ಝಲಿ’ (ಅಷ್ಟಾಧ್ಯಾಯಿ 8.2.26) ಲುಙ್ ರೂಪಕ್ಕೆ ಸೇರುವ ಸಿಚ್ ಪ್ರತ್ಯಯದ ಸಕಾರವನ್ನು ನುಂಗುವುದರಿಂದ ಅಲ್ಲಿ ಅಪಾಕ್ತಾಮ್. ಆತ್ಮನೇಪದದ ಅಪಕ್ತದಲ್ಲಿ ವೃದ್ಧಿಯೂ (ಅಕಾರ ಆಕಾರವಾಗುವುದು) ಇಲ್ಲ. ಪಕ್ವದ ವಕಾರಕ್ಕೆ ‘ಪಚೋ ವಃ’ ಇದೆ. ಡು ಇತ್ (ಲೋಪವಾಗುವ ಗುರುತಕ್ಷರ) ಆದ್ದರಿಂದ ಪಕ್ತ್ರಿಮವೂ ಸಿದ್ಧ.

ತೊಡಕಿರುವುದು ಕೊನೆಯ ಷಕಾರದಲ್ಲಿ. ಷಿತ್ (ಷಕಾರ ಇತ್ ಆಗಿರುವ ಧಾತು) ಎಂದಮೇಲೆ 3.3.104ರಂತೆ ಅಙ್ ಪ್ರತ್ಯಯ ಬಂದು ಸ್ತ್ರೀಲಿಂಗದ ‘ಪಚಾ’ ಆಗಬೇಕು. ಆದರೆ ‘ಸ್ಥಾಗಾಪಾಪಚೋ ಭಾವೇ’ (3.3.95) ಕ್ತಿನ್ ಪ್ರತ್ಯಯ ವಿಧಿಸಿ ‘ಪಕ್ತಿ’ ಕೊಡುತ್ತದೆ. ಹಾಗಾದರೆ ಭಾವಾರ್ಥದಲ್ಲಿ (ಬೇಯಿಸುವಿಕೆ ಎಂಬ ಕ್ರಿಯೆಯಷ್ಟೇ ಅರ್ಥವಾದಾಗ) ಪಚಾ ಪೂರ್ತಿ ಬಾಧಿತವೇ, ಅಂದರೆ ನಿಷಿದ್ಧವೇ? ಕಾರಕಾರ್ಥಕ್ಕೆ (ಕರ್ಮ, ಕರಣ ಮುಂತಾದವಕ್ಕೆ) ಮಾತ್ರ ಉಳಿಸಿಕೊಳ್ಳಬೇಕೇ? ಬಲ್ಲವರು ಸೂತ್ರಸಂಖ್ಯೆ ಸಮೇತ ತಿಳಿಸಿ. ಬರೀ ‘ಪ್ರಯೋಗವಿದೆ’ ಎಂದರೆ ಸಾಲದು.